ಅರ್ಧ ಕಿಲೋ ಅರಸಿನ

ನಮ್ಮ ಮನೆಯಲ್ಲಿ ಅತ್ತೆಯೂ ಇದ್ದಾರೆ, ಅಟ್ಟೆಯೂ ಇದೆ. ಘಟ್ಟದ ಮೇಲಿನ ನೆಂಟರಿಗೆ ಫೋನಿನಲ್ಲಿ ಇದನ್ನು ಅರ್ಥ ಮಾಡಿಸುವುದು ಕಷ್ಟ. ಅಟ್ಟೆ ಅಂದರೆ ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯ ಲೆಕ್ಕ. 800 ಮೊಗ್ಗು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಗೆ ದಿನಕ್ಕೊಂದು ರೇಟು. ಮದುವೆ, ಕೋಲ, ಬ್ರಹ್ಮಕಲಶ ಇದ್ದರೆ ಏರುತ್ತದೆ, ಇಲ್ಲದಿದ್ದರೆ ಧೊಪ್ಪೆಂದು ಬೀಳುತ್ತದೆ. ಅತ್ತೆಯ ಮೂಡೂ ಹೆಚ್ಚುಕಡಿಮೆ ಅದರ ಜೊತೆಗೇ ಏರಿ ಇಳಿಯುವುದರಿಂದ ನಾನು ಅಟ್ಟೆಯ ರೇಟು ಗೊತ್ತಾದ ಮೇಲೆಯೇ ಅವರ ಹತ್ತಿರ ಏನಾದರೂ ಕೇಳುವುದು.

ಉಳಿದಂತೆ ಮನೆಯಲ್ಲಿ ಇವರು, ನಾಲ್ಕನೇ ಕ್ಲಾಸಿನ ಮಗ, ಗಂಗೆ ಎಂಬ ದನ, ಅದರ ಕರು, ರಾಜು ಎಂಬ ನಾಯಿ, ಲೆಕ್ಕಕ್ಕೆ ಸಿಗದಷ್ಟು ಕೋಳಿಗಳು, ಮತ್ತೆ ಬೊಳ್ಳು. ಬೊಳ್ಳು ಬೆಕ್ಕು. ತುಳುವಿನಲ್ಲಿ ಬಿಳಿ ಪ್ರಾಣಿಗೆ ಇಡುವ ಹೆಸರು ಅದು. ಮೈಯೆಲ್ಲ ಬಿಳಿ, ಬೆನ್ನ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕಿ. ಈ ಚುಕ್ಕಿಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನನಗೆ ಸುಮ್ನೆ ಕೂತು ಗೊತ್ತಿಲ್ಲ. ಕೈಗೆ ಏನಾದರೊಂದು ಕೆಲಸ ಬೇಕು, ಅದೂ ಮನೆಗೆ ಯಾವ ಉಪಯೋಗವೂ ಇಲ್ಲದ ಕೆಲಸವಾದರೆ ಇನ್ನೂ ಒಳ್ಳೆಯದು. ಹೋದ ವರ್ಷ ಕ್ರೋಶಾ ಹಿಡಿದಿದ್ದೆ. ಅಕ್ಕನ ಮಗುವಿಗೆ ಅಂತ ಎರಡು ತಿಂಗಳು ಕೂತು ಹೆಣೆದ ಸ್ವೆಟರನ್ನು ತೊಳೆದು ಹಟ್ಟಿಯ ಬದಿಯ ಸರಿಗೆಗೆ ಹಾಕಿದೆ, ಕರು ಒಂದು ತೋಳು ತಿಂದು ಮುಗಿಸಿತು. ಡಾಕ್ಟರು ಬಂದರು. ದನಕರು ಬಟ್ಟೆ, ಹಗ್ಗ ಜಗಿಯಲಿಕ್ಕೆ ಶುರು ಮಾಡಿದರೆ ಮೈಯಲ್ಲಿ ಉಪ್ಪು, ಖನಿಜ ಕಡಿಮೆಯಾಗಿರಬಹುದು, ಲವಣ ಮಿಶ್ರಣ ಕೊಡಿ ಅಂದರು. ಕೊಟ್ಟೆವು. ಕರು ಹುಷಾರಾಯಿತು. ತೋಳು ಎರಡು ದಿನ ಬಿಟ್ಟು ಸ್ವಲ್ಪ ಸ್ವಲ್ಪವೇ ವಾಪಸ್ ಬಂತು, ಆ ವಿಷಯ ಈಗ ಬೇಡ.

ಆಮೇಲೆ ವಾರ್ಲಿ. ಆ ಚಿತ್ರಕ್ಕೆ ಅಕ್ಕಿ ಹಿಟ್ಟೇ ಬಣ್ಣ ಅಂತ ಎಲ್ಲೋ ಓದಿ, ಅಕ್ಕಿ ನುಣ್ಣಗೆ ರುಬ್ಬಿ, ಹಟ್ಟಿಯ ಗೋಡೆಯ ತುಂಬ ಕುಣಿಯುವ ಜನ, ಎತ್ತಿನ ಗಾಡಿ, ತೆಂಗಿನ ಮರ ಎಲ್ಲ ಬರೆದೆ. ಬೆಳಿಗ್ಗೆ ನೋಡಿದರೆ ಕೋಳಿಗಳಿಗೆ ಎಟುಕುವಷ್ಟು ಎತ್ತರದವರೆಗೆ ಯಾರಿಗೂ ಕಾಲಿಲ್ಲ. ಗಾಡಿಗೆ ಚಕ್ರ ಇಲ್ಲ. ಒಂದು ಮಗು ಪೂರ್ತಿ ಇಲ್ಲ. ಇವರು ಬಂದು ನೋಡಿ, "ಈಗ ನಿಜವಾಗಿ ತೇಲುವ ಹಾಗೆ ಕಾಣ್ತದೆ" ಅಂದರು. ಹೊಗಳಿದ್ದೋ ತಮಾಷೆಯೋ ಇವತ್ತಿಗೂ ಗೊತ್ತಿಲ್ಲ.

ಈ ವರ್ಷ ನೈಸರ್ಗಿಕ ಬಣ್ಣ. ಅಂದರೆ ಎಲೆ, ತೊಗಟೆ, ಬೇರು ಬೇಯಿಸಿ ಬಟ್ಟೆಗೆ ಬಣ್ಣ ಹಾಕುವುದು. ಇದರಲ್ಲಿ ಸ್ವಲ್ಪ ಊರಿನ ಅಭಿಮಾನವೂ ಇತ್ತು ಅನ್ನಿ. ಉಡುಪಿ ಕೈಮಗ್ಗದ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿ, ಅಂದರೆ ಜಿಐ ಟ್ಯಾಗ್ ಸಿಕ್ಕಿತು, ಮಟ್ಟು ಗುಳ್ಳ ಬದನೆಗೆ, ನಮ್ಮ ಮಲ್ಲಿಗೆಗೆ ಅದಕ್ಕೂ ಮೊದಲೇ ಸಿಕ್ಕಿತ್ತು, ಹಾಗಿರುವಾಗ ಈ ಮಣ್ಣಿನಲ್ಲಿ ಹುಟ್ಟಿ ಒಂದು ಶಾಲಿಗೆ ಬಣ್ಣ ಹಾಕಲಿಕ್ಕೆ ನನ್ನಿಂದ ಆಗುವುದಿಲ್ವಾ ಅಂತ.

ಮೊದಲು ಸಾಗುವಾನಿಯ ಎಳೆ ಎಲೆ ತಂದೆ. ಅದನ್ನು ಬಟ್ಟೆಯ ನಡುವೆ ಇಟ್ಟು, ಸುತ್ತಿ, ಬಿಗಿಯಾಗಿ ಕಟ್ಟಿ, ಹಬೆಯಲ್ಲಿ ಬೇಯಿಸಿದರೆ ಎಲೆಯ ಅಚ್ಚು ಕೆಂಪಗೆ ಮೂಡುತ್ತದೆ. ಅಷ್ಟು ದೊಡ್ಡ ಪಾತ್ರೆ ಅಂದರೆ ಮನೆಯಲ್ಲಿ ಇಡ್ಲಿಗೆ, ಅಷ್ಟಮಿಯ ಮೂಡೆಗೆ (ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿ) ಇರುವುದು ಒಂದೇ. ಅಚ್ಚು ಮೂಡಲಿಲ್ಲ, ಒಂದು ಮುದ್ದೆ ಕಲೆ ಆಯಿತು. ಆದರೆ ಪಾತ್ರೆಯನ್ನು ನಾನು ಸರಿಯಾಗಿ ತಿಕ್ಕಿರಲಿಲ್ಲ, ಮರುದಿನ ಇಡ್ಲಿ ತಿಳಿಗುಲಾಬಿ ಬಣ್ಣಕ್ಕೆ ಬಂತು. ಮಗನಿಗೆ ಭಾರೀ ಖುಷಿ. ಅತ್ತೆ ಒಂದು ಇಡ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಸಾಗುವಾನಿ ಎಲೆಯಲ್ಲಿ ಹಲಸಿನ ಕಡುಬು ಬೇಯಿಸಿದರೆ ಕಡುಬು ಕೆಂಪಾಗುವುದು ನೀನು ಈ ಮನೆಗೆ ಬಂದ ವರ್ಷದಿಂದ ನೋಡಿದ್ದಿ. ಅದನ್ನು ಮೊಬೈಲು ಹೇಳಬೇಕಾಯ್ತಾ ಮಾರಾಯ್ತಿ?"

ಅವತ್ತು ಅಟ್ಟೆಯ ರೇಟು ಚೆನ್ನಾಗಿತ್ತು, ಅಷ್ಟಕ್ಕೇ ನಿಂತಿತು.

ಫೆಬ್ರವರಿಯ ಒಂದು ಶನಿವಾರ ಅರಸಿನ ಹಿಡಿದೆ. ಅರಸಿನ ಸುಲಭ, ಕಲಿಯುವವರಿಗೆ ಅದೇ ಮೊದಲ ಪಾಠ. ಬಟ್ಟೆಯನ್ನು ಹಿಂದಿನ ರಾತ್ರಿ ಪಟಿಕದ ನೀರಿನಲ್ಲಿ ನೆನೆಸಿಟ್ಟಿದ್ದೆ (ಸೆಲೂನಿನಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುತ್ತಾರಲ್ಲ, ಅದೇ ಪಟಿಕ). ಅಂಗಡಿಯಿಂದ ಅರ್ಧ ಕಿಲೋ ಅರಸಿನ ಹುಡಿ ತಂದು, ಬಿಸಿನೀರಿನಲ್ಲಿ ಕದಡಿ, ತಣಿಸಿ, ಬಚ್ಚಲಿನ ಮೂಲೆಯಲ್ಲಿ ದೊಡ್ಡ ಬಕೆಟಿಗೆ ಹೊಯ್ದು, ಅದರಲ್ಲಿ ನನ್ನ ಬಿಳಿ ಕಾಟನ್ ಶಾಲು ಮುಳುಗಿಸಿದೆ. ಒಂದು ಗಂಟೆ ಬಿಡಬೇಕು. ಬಕೆಟಿನ ಸರಿಯಾಗಿ ಮೇಲೆ ಸೌದೆ ಅಟ್ಟ. ಸೌದೆ ಅಟ್ಟದಲ್ಲಿ ಯಾರು ಮಲಗುತ್ತಾರೆ ಅಂತ ಆಗ ನನಗೆ ಹೊಳೆಯಲಿಲ್ಲ.

ನಮ್ಮ ಕಡೆ ಮೀನಿನವರು ಸ್ಕೂಟರಿನಲ್ಲಿ ಬರುತ್ತಾರೆ. ಗೇಟಿನ ಹತ್ತಿರ ಪೋಂ ಪೋಂ ಅಂತ ಹಾರ್ನ್ ಹೊಡೆದರೆ ಹೆಂಗಸರಿಗಿಂತ ಮೊದಲು ಬೆಕ್ಕುಗಳು ಹಾಜರ್. ಅವತ್ತೂ ಹೊಡೆದರು. ನಾನು ಪಾತ್ರೆ ಹಿಡಿದು ಓಡಿದೆ, ಬಂಗುಡೆಗೆ ಚೌಕಾಶಿ ಮಾಡಿದೆ, ಆಚೆ ಮನೆಯ ಅಕ್ಕನ ಜೊತೆ ಸ್ವಲ್ಪ ಮಾತಾಡಿದೆ, ಸ್ವಲ್ಪ ಅಂದರೆ ಅರ್ಧ ಗಂಟೆ. ವಾಪಸ್ ಬಂದರೆ ಬಚ್ಚಲಿನಲ್ಲಿ ಬಕೆಟ್ ಅಡ್ಡ ಬಿದ್ದಿದೆ, ನೆಲ ಹಳದಿ, ಶಾಲು ಅರ್ಧ ಹಳದಿ ಅರ್ಧ ಬಿಳಿ, ಬಾಗಿಲಲ್ಲಿ ರಾಜು ನಿಂತಿದ್ದಾನೆ, ಅವನ ಮೂಗೂ ಹಳದಿ. ಸಾಕ್ಷಿ ಇನ್ನೇನು ಬೇಕು? ಅವನಿಗೆ ಸಮಾ ಬೈದೆ. ಅವನು ಏನೋ ಹೇಳಲಿಕ್ಕೆ ನೋಡಿದ, ನಾನು ಕೇಳಲಿಲ್ಲ. ಪಾಪ.

ಮಧ್ಯಾಹ್ನ ಮೂರು ಗಂಟೆಗೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು. ನಾಗಬನದ ಹಿಂದಿನ ಗುಡ್ಡೆಯಲ್ಲಿ ಚಿರತೆ ಮರಿ ಕಂಡಿದೆ, ಹಳದಿ ಮೈ, ಕಪ್ಪು ಚುಕ್ಕಿ, ಎಲ್ಲರೂ ಎಚ್ಚರ. ಜೊತೆಗೊಂದು ಫೋಟೋ. ಫೋಟೋದಲ್ಲಿ ಪೊದೆ ಸ್ಪಷ್ಟವಾಗಿ ಕಾಣುತ್ತಿತ್ತು, ಪೊದೆಯ ಹಿಂದೆ ಏನೋ ಹಳದಿ. ಐದು ನಿಮಿಷದಲ್ಲಿ ಇನ್ನೊಬ್ಬರು, ಮರಿ ಇದ್ದಲ್ಲಿ ತಾಯಿ ಇದ್ದೇ ಇರುತ್ತದೆ. ಮತ್ತೊಬ್ಬರು ಎಲ್ಲಿಯದೋ ಸಿಂಹದ ವಿಡಿಯೋ ಹಾಕಿದರು. ಒಬ್ಬರು ಇದೆಲ್ಲದರ ನಡುವೆ ಅವತ್ತಿನ ಮಲ್ಲಿಗೆ ರೇಟು ಹಾಕಿದರು.

ನಗುವ ವಿಷಯ ಅಲ್ಲ ಇದು. ನಮ್ಮ ಕಡೆ ಚಿರತೆ ಬಾವಿಗೆ ಬೀಳುವುದು, ರಾತ್ರಿ ಅಂಗಳದಿಂದ ನಾಯಿ ಹೊತ್ತುಕೊಂಡು ಹೋಗುವುದು ಹೊಸತೇನಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಮಗನನ್ನು ಒಳಗೆ ಕೂರಿಸಿದೆ, ಕರುವನ್ನು ಹಟ್ಟಿಗೆ ಕಟ್ಟಿದೆ, ರಾಜುವಿನ ಬೈಗುಳ ಎಲ್ಲ ಹಿಂದೆ ತೆಗೆದುಕೊಂಡು ಅವನನ್ನೂ ಒಳಗೆ ಕರೆದೆ. ಬೊಳ್ಳು ಮಾತ್ರ ಬೆಳಿಗ್ಗೆಯಿಂದ ಪತ್ತೆ ಇಲ್ಲ. ಬಂಗುಡೆಯ ತಲೆ ಹಾಗೇ ಉಂಟು, ತಿನ್ನಲಿಕ್ಕೂ ಬಂದಿಲ್ಲ. ಚಿರತೆ ಹಿಡಿದೇ ಬಿಟ್ಟಿತು ಅಂತ ನನಗೆ ಅಳು ಬಂತು. ಸುಳ್ಳು ಯಾಕೆ, ಸ್ವಲ್ಪ ಅತ್ತೆ. (ಇದು ಮೂರನೇ ಅತ್ತೆ.)

ಐದು ಗಂಟೆಗೆ ಫಾರೆಸ್ಟ್ ಗಾರ್ಡ್ ಬೈಕಿನಲ್ಲಿ ಬಂದರು. ಹಿಂದಿನಿಂದ ಕೋಲು ಹಿಡಿದ ಏಳೆಂಟು ಹುಡುಗರು, ಅವರ ಹಿಂದಿನಿಂದ ವಿಡಿಯೋ ತೆಗೆಯುವ ಹದಿನೈದು ಹುಡುಗರು. ಆಚೆ ಮನೆಯ ಅಕ್ಕನ ಜಗಲಿಯಲ್ಲಿ ಹೆಜ್ಜೆ ಗುರುತು ಸಿಕ್ಕಿದೆಯಂತೆ. ನಾವೆಲ್ಲ ಅಲ್ಲಿಗೆ ಹೋದೆವು. ಅಕ್ಕ ಬೆಳಿಗ್ಗೆ ಒರೆಸಿದ ಕೆಂಪು ನೆಲ, ಅದರ ಮೇಲೆ ಸಾಲಾಗಿ ಹಳದಿ ಹೆಜ್ಜೆ, ಲಕ್ಷ್ಮಿ ಬಂದ ಹಾಗೆ ಸೀದಾ ಅಡುಗೆಮನೆಯ ಕಡೆಗೆ. ಗಾರ್ಡ್ ಕುಕ್ಕರಗಾಲಲ್ಲಿ ಕೂತು ನೋಡಿದರು.

"ನಾಯಿಯ ಹೆಜ್ಜೆಯಾದರೆ ಉಗುರಿನ ಗುರುತು ಕಾಣ್ತದೆ. ಇದರಲ್ಲಿ ಇಲ್ಲ. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ತದೆ."

ಹುಡುಗರು ಎರಡು ಹೆಜ್ಜೆ ಹಿಂದೆ ಸರಿದರು.

"ಬೆಕ್ಕೂ ಎಳೆದುಕೊಳ್ತದೆ," ಅಂದರು ಗಾರ್ಡ್. "ಜಾತಿ ಸರಿ ಉಂಟು. ಸೈಜು ಮಾತ್ರ ಎಂಟಾಣೆಯಷ್ಟು." ಮತ್ತೆ ಬೆರಳಿನಿಂದ ಒಂದು ಹೆಜ್ಜೆ ಉಜ್ಜಿ ಮೂಸಿ ನೋಡಿದರು. "ಇಲ್ಲಿ ಹತ್ತಿರ ಯಾರ ಮನೆಯಲ್ಲಾದರೂ ಮದುವೆ ಉಂಟಾ? ಅರಸಿನ ಶಾಸ್ತ್ರ ಏನಾದರೂ?"

ನನಗೆ ಎಲ್ಲ ಹೊಳೆದದ್ದು ಆ ಕ್ಷಣದಲ್ಲಿ. ಸೌದೆ ಅಟ್ಟ, ಹಾರ್ನು, ಬಕೆಟು, ರಾಜುವಿನ ಮೂಗು. ಬಾಯಿ ಬಿಡದೆ ಮೆಲ್ಲ ಮನೆಗೆ ಜಾರುವ ಅಂದುಕೊಂಡೆ. ಅಷ್ಟರಲ್ಲಿ ಅಕ್ಕನ ಅಡುಗೆಮನೆಯ ಬಾಗಿಲಿನಿಂದ, ಬಾಯಲ್ಲಿ ಒಂದು ಬಂಗುಡೆ ಕಚ್ಚಿಕೊಂಡು, ಮೂತಿಯಿಂದ ಬಾಲದವರೆಗೆ ಹೊಳೆಯುವ ಹಳದಿಯಲ್ಲಿ, ಬೆನ್ನ ಮೇಲೆ ಕಪ್ಪು ಚುಕ್ಕಿ ಎದ್ದು ಕಾಣುತ್ತ, ಚಿರತೆ ಹೊರಗೆ ಬಂತು. ಜನರನ್ನು ನೋಡಿ ನಿಂತಿತು. ನನ್ನನ್ನು ಕಂಡು ಮೀನು ಕೆಳಗಿಟ್ಟು ಮ್ಯಾಂವ್ ಅಂದಿತು.

"ಅಮ್ಮಾ, ನಮ್ಮ ಬೊಳ್ಳು!" ಒಳಗೆ ಕೂರಿಸಿದ್ದ ಮಗ ಯಾವಾಗ ಬಂದಿದ್ದನೋ.

ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ಒಬ್ಬ ಹುಡುಗ ಮಾತ್ರ, "ಅಕ್ಕ, ಹುಲಿವೇಷಕ್ಕೆ ಅಷ್ಟಮಿ ಬರಲಿಕ್ಕೆ ಇನ್ನೂ ಆರು ತಿಂಗಳುಂಟು, ಈಗಲೇ ಬಣ್ಣ ಹಾಕಿದ್ದಾ?" ಅಂತ ಕೇಳಿದ್ದು ಇವತ್ತಿಗೂ ಊರಿನಲ್ಲಿ ಓಡುತ್ತಿದೆ. ಗಾರ್ಡ್ ಒಳ್ಳೆಯವರು, ಚಾ ಕುಡಿದು ಹೋದರು. ಆಚೆ ಮನೆಗೆ ನಾನು ಒಂದು ಬಂಗುಡೆ ಬಾಕಿ.

ಮನೆಗೆ ತಂದು ಮೊದಲು ಮಾಡಿದ ಕೆಲಸ, ಬಟ್ಟೆ ಸೋಪು ಹಾಕಿ ಬೊಳ್ಳುವನ್ನು ತೊಳೆದದ್ದು. ಬೆಕ್ಕನ್ನು ತೊಳೆದವರಿಗೆ ಹೇಳಬೇಕಾಗಿಲ್ಲ, ತೊಳೆಯದವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ಎರಡೂ ಕೈ ಪರಚಿ ಹೋಯಿತು. ನೊರೆ ತಾಗಿದಲ್ಲೆಲ್ಲ ಹಳದಿ ಹೋಗಿ ಕೆಂಪು ಬರಲಿಕ್ಕೆ ಶುರುವಾಯಿತು. ಕಡು ಕೆಂಪು. ಮಗ ಕಿರುಚಿದ, "ಅಜ್ಜೀ, ಬೊಳ್ಳುವಿಗೆ ರಕ್ತ!"

ಅತ್ತೆ ಹೂ ಕಟ್ಟುತ್ತಿದ್ದವರು ಎದ್ದು ಬಂದರು. ಬೆಕ್ಕನ್ನು ನೋಡಿದರು, ಸೋಪನ್ನು ನೋಡಿದರು, ನನ್ನನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿದರು.

"ಅರಸಿನಕ್ಕೆ ಸುಣ್ಣ ಬಿದ್ದರೆ ಎಂತ ಆಗ್ತದೆ?"

"ಓಕುಳಿ," ಅಂದೆ, ಶಾಲೆಯಲ್ಲಿ ಎದ್ದು ನಿಂತ ಹಾಗೆ.

"ಸೋಪೂ ಅದೇ ಜಾತಿ. ಇನ್ನು ಮಜ್ಜಿಗೆ ತಾ. ಹುಳಿ ತಾಗಿದರೆ ಇಳೀತದೆ."

ಮಜ್ಜಿಗೆ ಹೊಯ್ದೆವು. ಕೆಂಪು ಕರಗಿ ಮತ್ತೆ ಹಳದಿಗೆ ಬಂತು. ಬೊಳ್ಳುವಿಗೆ ಇಡೀ ದಿನದಲ್ಲಿ ಖುಷಿಯಾದ ಕೆಲಸ ಅದೊಂದೇ, ಕೂತಲ್ಲೇ ಮೈಯೆಲ್ಲ ನೆಕ್ಕಿ ಮುಗಿಸಿತು. ಹಳದಿ ಹೋಗಲಿಕ್ಕೆ ಏನು ಮಾಡುವುದು ಅಂತ ಕೇಳಿದೆ. ಬಿಸಿಲು, ಅಂದರು ಅತ್ತೆ. ಅರಸಿನದ ಕಲೆಗೆ ಬಿಸಿಲೇ ಮದ್ದು.

ಅದೂ ಸರಿಯೇ. ಅಂಗಳದಲ್ಲಿ ಅಡಿಕೆ ಒಣ ಹಾಕಿದ ಕಾಲ, ಬೊಳ್ಳು ದಿನವಿಡೀ ಅಡಿಕೆಯ ಮೇಲೆ ಬಲಮಗ್ಗುಲಿಗೆ ಬಿದ್ದುಕೊಂಡಿರುತ್ತದೆ. ಮೂರು ವಾರದಲ್ಲಿ ಎಡಬದಿ ಬೆಳ್ಳಗಾಯಿತು. ಬಲಬದಿ ಹಾಗೇ ಹಳದಿ. ಆಗಾಗ ಬಂದು ಮಗ್ಗುಲು ಬದಲಿಸಿ ಹೋಗುತ್ತಿದ್ದೆ, ಅದು ಒಮ್ಮೆ ಕಣ್ಣು ತೆರೆದು ನೋಡಿ ಮತ್ತೆ ಬಲಕ್ಕೇ ಹೊರಳುತ್ತಿತ್ತು. ಗೇಟಿನ ಕಡೆಯಿಂದ ಬಂದವರಿಗೆ ಬಿಳಿ ಬೆಕ್ಕು, ತೋಟದ ಕಡೆಯಿಂದ ಬಂದವರಿಗೆ ಚಿರತೆ.

ಶಾಲನ್ನು ಅತ್ತೆ ತೆಗೆದುಕೊಂಡರು. ಹೊದೆಯಲಿಕ್ಕಲ್ಲ. ಬೆಳಗಿನ ಜಾವ ಕೊಯ್ದ ಮೊಗ್ಗು ಬಾಡದ ಹಾಗೆ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚುತ್ತಾರೆ, ಆ ಹಳೇ ಬೈರಾಸು ಹರಿದಿತ್ತು. "ಇದಾದರೂ ಉಪಯೋಗಕ್ಕೆ ಬರಲಿ," ಅಂದರು. ನನಗೆ ಒಳಗಿಂದೊಳಗೆ ಹೆಮ್ಮೆ. ನನ್ನ ಕೈಕೆಲಸ ಕೊನೆಗೂ ಈ ಮನೆಯಲ್ಲಿ ಒಂದು ಜಾಗ ಹಿಡಿಯಿತಲ್ಲ.

ಮರುದಿನ ಕತ್ತಲಲ್ಲೇ ಮೊಗ್ಗು ಕೊಯ್ದು, ಶಾಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬುಟ್ಟಿಗೆ ಮುಚ್ಚಿದರು. ಬೆಳಕು ಹರಿದ ಮೇಲೆ ಕಟ್ಟಲಿಕ್ಕೆ ಕೂತು ತೆಗೆದು ನೋಡಿದರೆ ಮೇಲಿನ ಪದರ ಪೂರ್ತಿ ಹಳದಿ ಮಲ್ಲಿಗೆ. ಸುಮಾರು ಒಂದು ಚೆಂಡಿನಷ್ಟು. ಅದೂ ಅಟ್ಟೆಗೆ ಒಳ್ಳೆಯ ರೇಟಿದ್ದ ದಿನ.

ಅತ್ತೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಅಲ್ಲಿಂದ ಸುಮ್ನೆ ಎದ್ದು, ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಸಾಕಾಗುವಷ್ಟು ನಕ್ಕು ಹೊರಗೆ ಬಂದೆ. ಅತ್ತೆ ಹಳದಿ ಮೊಗ್ಗುಗಳನ್ನು ಬೇರೆ ಮಾಡಿ ತಟ್ಟೆಯಲ್ಲಿ ಹರಡಿ ಬಿಸಿಲಿಗೆ ಇಡುತ್ತಿದ್ದರು.