ಸಿಐಡಿ ಮತ್ತೆ ಬರಬೇಕಿತ್ತಾ?

ಪರ: ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಕಲಬುರಗಿ

ಹಿಂದಿಯ ಪತ್ತೇದಾರಿ ಟಿವಿ ಧಾರಾವಾಹಿ ಸಿಐಡಿ ಪರವಾಗಿ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ನಾನು ಅದರ ಕಟ್ಟಾ ಅಭಿಮಾನಿಯಂತೂ ಅಲ್ಲ. ಆದರೆ 1998ರಲ್ಲಿ ಶುರುವಾಗಿ 2018ರಲ್ಲಿ ನಿಂತ ಧಾರಾವಾಹಿ 2024ರ ಡಿಸೆಂಬರಿನಲ್ಲಿ ಮತ್ತೆ ಬಂತು ಅಂದರೆ ಜನರಿಗೆ ಅದು ಬೇಕಾಗಿದೆ. ನಮ್ಮ ಕಡೆ ಹಿಂದಿ, ಉರ್ದು ಎಲ್ಲರ ಕಿವಿಗೂ ರೂಢಿ. ಅದರ ಪೊಲೀಸ್ ಪಾತ್ರಗಳಾದ ಎಸಿಪಿ ಪ್ರದ್ಯುಮ್ನ, ಅಭಿಜೀತ್, ದಯಾ ಇಲ್ಲಿ ಮನೆಯವರೇ ಆಗಿಬಿಟ್ಟಿದ್ದಾರೆ.

ಮುಖ್ಯ ಕಾರಣ ಒಂದೇ. ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡಬಹುದು. ಕೊಲೆ ಇದ್ದರೂ ಅಸಹ್ಯ ಇಲ್ಲ, ಹೊಲಸು ಬೈಗುಳ ಇಲ್ಲ. ಈಗಿನ ವೆಬ್ ಸರಣಿಗಳನ್ನು ಹಾಗೆ ನೋಡೋಕೆ ಆಗುತ್ತಾ? ಬೆರಳಚ್ಚು, ಡಿಎನ್‌ಎ ವಿಷಯ ಬಂದಾಗ ನನ್ನ ತರಗತಿಯ ಮಕ್ಕಳು ಸಿಐಡಿಯ ಲ್ಯಾಬ್ ತಜ್ಞ ಡಾಕ್ಟರ್ ಸಾಳುಂಕೆ ಹೆಸರು ಹೇಳುತ್ತಾರೆ. ನಮ್ಮೂರಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ ಅಂದರೆ ಕಣ್ಣರಳಿಸುತ್ತಾರೆ. ನಿಜವಾದ ಲ್ಯಾಬಿನಲ್ಲಿ ಕೆಲಸ ಅಷ್ಟು ಬೇಗ ಮುಗಿಯುವುದಿಲ್ಲ, ಅದನ್ನೂ ಹೇಳಿಕೊಡುತ್ತೇನೆ. ಇದನ್ನು ನೋಡಿ ಮಕ್ಕಳು ಕೊಲೆ ಕಲಿಯುತ್ತಾರೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮನೆಮಂದಿಯೆಲ್ಲ ಕೂತು ನೋಡುವಂಥದ್ದು ಈಗ ಎಷ್ಟಿದೆ ಹೇಳಿ?

ವಿರೋಧ: ವಕೀಲ, ಕಲಬುರಗಿ

ಬರಬಾರದಿತ್ತು. ಬಂದರೂ ಹಳೆಯ ಚಾಳಿ ಬಿಟ್ಟು ಬರಬೇಕಿತ್ತು. ಸಿಐಡಿ ಕಂತು ಹೇಗೆ ಮುಗಿಯುತ್ತದೆ? ಕೆನ್ನೆಗೆ ಒಂದು ಬೀಳುತ್ತದೆ, ಆರೋಪಿ ಎಲ್ಲ ಬಾಯಿಬಿಡುತ್ತಾನೆ, ಇನ್ನು ನಿನಗೆ ಗಲ್ಲೇ ಅಂತ ಹೇಳುತ್ತಾರೆ. ಕಥೆ ಖತಂ. ಕೋರ್ಟು ಕಾಣುವುದೇ ಅಪರೂಪ.

ಇದು ಕಾನೂನಿಗೆ ಪೂರ್ತಿ ಉಲ್ಟಾ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನೇ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಆರೋಪಿಯ ಮಾತಿನಿಂದ ಚಾಕುವೋ ಒಡವೆಯೋ ಸಿಕ್ಕರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಮಾತ್ರ ಲೆಕ್ಕಕ್ಕೆ. ಹೊಡೆದರೆ ಯಾರು ಬೇಕಾದರೂ ಹೂಂ ಅಂತಾರೆ. ಅದಕ್ಕೇ ಈ ಕಲಂ ಇರುವುದು.

ಆಳಂದ ಕಡೆಯ ರೈತರೊಬ್ಬರು ನನ್ನ ಬಳಿ ಬಂದಿದ್ದರು. ಮಗನನ್ನು ಪಂಪ್‌ಸೆಟ್ ಕಳವಿನ ಕೇಸಿನಲ್ಲಿ ಹಿಡಿದಿದ್ದರು. "ಸಾಹೇಬ್ರ, ಹುಡುಗ ಠಾಣೆದಾಗ ಹೂಂ ಅಂದಾನ್ರಿ. ಇನ್ನೇನದರಿ, ಮುಗೀತಲ್ರಿ" ಅಂದರು. ಇನ್ನು ವಕೀಲರನ್ನು ಇಡುವುದೇ ದಂಡ ಅಂತ ಅವರ ತಲೆಯಲ್ಲಿ ಕೂತಿತ್ತು. ಟಿವಿಯಲ್ಲಿ ನೋಡಿದ್ದು ಅದೇ ಅಲ್ವಾ? ಹುಡುಗನ ಬೆನ್ನು ನೋಡಿದೆ, ಬಾಸುಂಡೆ ಎದ್ದಿತ್ತು. ಕೇಸು ನಡೆಯಿತು. ಸಾಕ್ಷ್ಯ ಏನೂ ಇರಲಿಲ್ಲ, ಬಿಡುಗಡೆಯಾಯಿತು. ಅಷ್ಟರಲ್ಲಿ ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದಿತ್ತು. ಊರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಅವನೇ ಒಪ್ಪಿಕೊಂಡಿದ್ದನಲ್ಲ!

ಇನ್ನು ಗಲ್ಲು. ಸೆಷನ್ಸ್ ಕೋರ್ಟ್ ಕೊಟ್ಟ ಗಲ್ಲು ಶಿಕ್ಷೆ ಕೂಡ ಹೈಕೋರ್ಟ್ ಖಾಯಂ ಮಾಡದೆ ಜಾರಿಯಾಗುವುದಿಲ್ಲ. ಅದನ್ನು ಹೇಳಲು ಪೊಲೀಸ್ ಅಧಿಕಾರಿ ಯಾರು? ಲ್ಯಾಬ್ ತೋರಿಸುತ್ತಾರೆ ಅನ್ನುವವರಿದ್ದಾರೆ. ಸುಮ್ನೆ ಬಣ್ಣದ ನೀರಿನ ಬಾಟಲಿ ಅಲ್ಲಾಡಿಸುವುದು ಅಷ್ಟೇ.

ಅಮೆರಿಕದ ಲಾ ಅಂಡ್ ಆರ್ಡರ್ ಧಾರಾವಾಹಿ 1990ರಲ್ಲೇ ಶುರುವಾಯಿತು. ಅರ್ಧ ಕಂತು ತನಿಖೆ, ಇನ್ನರ್ಧ ಕೋರ್ಟು. ಜನ ನೋಡಿದರು, 1999ರಲ್ಲಿ ಎಸ್‌ವಿಯು ಅಂತ ಮರಿ ಧಾರಾವಾಹಿಯೂ ಹುಟ್ಟಿತು. ಸಿಐಡಿಯವರೂ 2004ರಲ್ಲಿ ಸ್ಪೆಷಲ್ ಬ್ಯೂರೋ ಅಂತ ಇನ್ನೊಂದು ಧಾರಾವಾಹಿ ತಂದರು. ಅದೇ ವರ್ಷ 111 ನಿಮಿಷದ ಕಂತನ್ನು ಒಂದೇ ಶಾಟಿನಲ್ಲಿ ತೆಗೆದು ದಾಖಲೆ ಮಾಡಿದರು. ಇಷ್ಟೆಲ್ಲ ಮಾಡಿದವರಿಗೆ ಒಂದು ಕೋರ್ಟಿನ ಸೆಟ್ ಹಾಕುವುದು ಕಷ್ಟವೇ? ಹಾಕಲಿ, ಆರೋಪಿಯ ಪರ ವಕೀಲರೊಬ್ಬರನ್ನು ನಿಲ್ಲಿಸಲಿ. ಆಗ ನಾನೂ ಕೂತು ನೋಡುತ್ತೇನೆ.