ಮೊಂತಿಗೆ ಒಂಬತ್ತು ದಿನ, ಕ್ರಿಸ್‌ಮಸ್‌ಗೆ?

ಡಿಸೆಂಬರ್ ಬಂತೆಂದರೆ ಮಂಗಳೂರಿನಿಂದ ನನ್ನ ಮೊಬೈಲಿಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದು, ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿಗಳ ಪೊಟ್ಟಣದ ರೇಟು. ಇನ್ನೊಂದು, ಹಬ್ಬದ ಗದ್ದಲದಲ್ಲಿ ಕ್ರಿಸ್ತನನ್ನು ಮರೆಯದಿರಿ ಎಂಬ ಉಪದೇಶ. ಎರಡನ್ನೂ ಒಬ್ಬರೇ ಕಳಿಸುವುದೂ ಉಂಟು! ಉಪದೇಶ ತಪ್ಪೆಂದಲ್ಲ, ಅದರಿಂದ ಏನೂ ಆಗುವುದಿಲ್ಲ, ಅಷ್ಟೆ. ದುಬೈಯಲ್ಲಿ ಬೇರೆ ಊರವರ ಆಗಮನ ಕಾಲವನ್ನು, ಅಂದರೆ ಕ್ರಿಸ್‌ಮಸ್‌ಗೆ ಕಾಯುವ ವಾರಗಳನ್ನು, ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಹೊಟ್ಟೆಗೂ ಗಡಿಯಾರಕ್ಕೂ ತಾಗದ ಭಕ್ತಿ ಡಿಸೆಂಬರ್‌ನಲ್ಲಿ ಉಳಿಯುವುದಿಲ್ಲ.

ಹಾಗೆಂದು ದುಬೈ ಏನು ತಪಸ್ಸಿನ ಊರಲ್ಲ. ನವೆಂಬರ್ ಮುಗಿಯುವ ಮೊದಲೇ ಮಾಲ್‌ಗಳಲ್ಲಿ ಕ್ರಿಸ್‌ಮಸ್ ಮರ ಎದ್ದಿರುತ್ತದೆ. ಆ ನಡುವೆಯೇ ನಮ್ಮ ಆಫೀಸಿನ ಕೊಟ್ಟಾಯಂ ಕಡೆಯ ಚೇಟ್ಟನ್ ಡಿಸೆಂಬರ್ 1ರಿಂದ ಮೀನು, ಮಾಂಸ ಮುಟ್ಟುವುದಿಲ್ಲ. ಕೇರಳದ ಸಿರಿಯನ್ ಕ್ರೈಸ್ತರ ಇಪ್ಪತ್ತೈದು ನೋಂಬು ಅದು, 25ರ ಹಬ್ಬದವರೆಗಿನ ವ್ರತ. ಕಂಪನಿಯ ಕ್ರಿಸ್‌ಮಸ್ ಊಟದ ದಿನ ಎಲ್ಲರೂ ಬಿರಿಯಾನಿಗೆ ಸಾಲು ನಿಂತರೆ ಇವರು ತಮ್ಮ ಡಬ್ಬಿ ತೆರೆದು ಮರಗೆಣಸು, ಹೆಸರುಕಾಳಿನ ಪಲ್ಯ ತಿನ್ನುತ್ತಾರೆ. ಯಾರಾದರೂ ಕೇಳಿದರೆ "ನೋಂಬು" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ಭಾಷಣವಿಲ್ಲ.

ಫಿಲಿಪ್ಪೀನ್ಸ್‌ನವರದು ಇನ್ನೊಂದು ದಾರಿ. ಅವರ ಸಿಂಬಾಂಗ್ ಗಾಬಿ ಎಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಬಲಿಪೂಜೆ. ಅವರ ನಾಡಿನಲ್ಲಿ ಗದ್ದೆಗೆ ಇಳಿಯುವ ಮುನ್ನ ನಸುಕಿಗೇ ಪೂಜೆ ಮುಗಿಸುವ ರೂಢಿ. ಇಲ್ಲಿ ಡ್ಯೂಟಿಯ ಕಾರಣಕ್ಕೆ ಅದು ಸಂಜೆಗೆ ಬಂದಿದೆ. ಊದ್ ಮೇಥಾದ ಸಂತ ಮೇರಿ ಚರ್ಚಿನ ಅಂಗಳ ಆ ದಿನಗಳಲ್ಲಿ ತುಂಬಿಹೋಗುತ್ತದೆ. ಅಂಗಡಿಯ ಯೂನಿಫಾರ್ಮಿನಲ್ಲೇ, ಕೊರಳಲ್ಲಿ ಬ್ಯಾಡ್ಜ್ ನೇತಾಡುತ್ತಿರುವಂತೆಯೇ ಓಡಿಬಂದು ನಿಲ್ಲುತ್ತಾರೆ.

ಮಂಗಳೂರಿನ ಕ್ಯಾಥೊಲಿಕರಾದ ನಮಗೆ ಇದು ಗೊತ್ತಿಲ್ಲದ್ದೇ? ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಜನ್ಮದಿನಕ್ಕೆ, ನಾವು ಒಂಬತ್ತು ದಿನ ನೊವೆನಾ ಪ್ರಾರ್ಥನೆ ಮಾಡುತ್ತೇವೆ. ಸುರಿಯುವ ಮಳೆಯಲ್ಲೂ ಮಕ್ಕಳು ಹೂವಿನ ಬುಟ್ಟಿ ಹಿಡಿದು ಚರ್ಚಿಗೆ ಹೋಗುತ್ತಾರೆ. ಹಬ್ಬದ ದಿನ ಹೊಸ ತೆನೆ ಮನೆಗೆ ಬಂದು, ಮೀನಿಲ್ಲದೆ ಊಟವಾಗದ ಮನೆಗಳಲ್ಲೂ ಸಸ್ಯಾಹಾರವೇ ಆಗುತ್ತದೆ. ಯಾರೂ ಗೊಣಗುವುದಿಲ್ಲ. ಮರಿಯಮ್ಮನ ಹುಟ್ಟುಹಬ್ಬಕ್ಕೆ ಇಷ್ಟು ಶಿಸ್ತು ತೋರುವವರು ಮಗನ ಹುಟ್ಟುಹಬ್ಬಕ್ಕೆ ಮಾತ್ರ ಬೇಕರಿಗೆ ಆರ್ಡರ್ ಕೊಟ್ಟು ಸುಮ್ಮನಾಗುತ್ತೇವೆ.

ಹಳೆಯ ಶಿಸ್ತಿನ ತುಣುಕುಗಳು ಇನ್ನೂ ಉಳಿದಿವೆ, ಸುಳ್ಳು ಹೇಳಬಾರದು. ಆಗಮನ ಕಾಲದಲ್ಲಿ ನಮ್ಮಲ್ಲಿ ಮದುವೆ ಇಡುವುದಿಲ್ಲ; ಹಬ್ಬ ದಾಟುತ್ತಲೇ ಮಂಗಳೂರಿನಲ್ಲಿ ಹಾಲ್ ಸಿಗದಿರುವುದಕ್ಕೆ ಅದೂ ಕಾರಣ. ಚರ್ಚಿನಲ್ಲಿ ನೇರಳೆ ಬಣ್ಣ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಸ್ತುತಿಗೀತೆ ಇಲ್ಲ. ಆ ನಾಲ್ಕು ವಾರ ತಡೆಹಿಡಿದದ್ದರಿಂದಲೇ 24ರ ರಾತ್ರಿ ಗ್ಲೋರಿಯಾದ ಜೊತೆ ಗಂಟೆ ಬಾರಿಸಿದಾಗ ಮೈ ಜುಮ್ಮೆನ್ನುವುದು. ಮನೆಯಲ್ಲೂ ಹಾಗೇ ಇತ್ತು. ಅಮ್ಮ ಕಿಡಿಯೊ, ನೆವ್ರಿ ಕರಿದು ಡಬ್ಬದಲ್ಲಿ ತುಂಬಿ ಅಟ್ಟಕ್ಕೇರಿಸುತ್ತಿದ್ದರು. ನಡುರಾತ್ರಿಯ ಪೂಜೆಯವರೆಗೆ ನಮ್ಮ ಪಾಲಿಗೆ ಒಡೆದ ಚೂರು ಮಾತ್ರ. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹಸಿರು ಬೇಕೆಂದು ಗೆರಟೆಯಲ್ಲಿ ರಾಗಿ ಬಿತ್ತುತ್ತಿದ್ದೆವು. ಬೇಗ ಬಿತ್ತಿದರೆ ಹಬ್ಬದ ಹೊತ್ತಿಗೆ ಹಳದಿಯಾಗಿ ಬಾಗುತ್ತದೆ, ತಡವಾದರೆ ಮೊಳಕೆಯಷ್ಟೇ. ಹಾಗಾಗಿ ದಿನ ಎಣಿಸಲೇಬೇಕು. ಈಗ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬಾಲಯೇಸು ಡಿಸೆಂಬರ್ ಮೊದಲ ವಾರಕ್ಕೇ ಹುಟ್ಟಿಬಿಟ್ಟಿರುತ್ತಾನೆ. ಇನ್ನು ಕಾಯುವುದು ಯಾರನ್ನು?

ನೋಂಬನ್ನು ಇದ್ದಹಾಗೆ ಎತ್ತಿ ತನ್ನಿ ಎಂದು ನಾನು ಹೇಳುವುದಿಲ್ಲ. ಇಪ್ಪತ್ತನಾಲ್ಕು ದಿನ ಬಂಗುಡೆ ಬಿಡಿ ಎಂದರೆ ನಮ್ಮವರು ಧರ್ಮಗುರುಗಳ ಮುಖವನ್ನೇ ನೋಡಲಿಕ್ಕಿಲ್ಲ. ಆದರೆ ಒಂಬತ್ತು ದಿನದ ಅಭ್ಯಾಸ ನಮಗಿದೆ. ಡಿಸೆಂಬರ್ 16ರಿಂದ 24ರವರೆಗೆ ಚರ್ಚಿನ ಪ್ರತಿ ವಾಳೆಯಲ್ಲಿ (ವಾರ್ಡಿನಲ್ಲಿ) ದಿನಕ್ಕೊಂದು ಮನೆಯಂತೆ ಸಂಜೆ ಸೇರಿ, ಬೈಬಲ್‌ನ ಪ್ರವಾದಿ ಯೆಶಾಯನ ಒಂದು ಅಧ್ಯಾಯ ಓದಿ, ತೇರ್ಸ್ ಅಂದರೆ ಜಪಮಾಲೆಯ ಪ್ರಾರ್ಥನೆ ಮುಗಿಸಿ ಎದ್ದರೆ ಸಾಕು. ಚಹಾ ಕೂಡ ಬೇಡ ಎಂದು ವಾಳೆಯ ಮುಖ್ಯಸ್ಥರಾದ ಗುರ್ಕಾರರು ಮೊದಲೇ ಖಡಾಖಂಡಿತ ಹೇಳಿಬಿಡಬೇಕು. ಇಲ್ಲದಿದ್ದರೆ ಎರಡನೇ ಮನೆಯಲ್ಲಿ ಕೇಕ್ ಬರುತ್ತದೆ, ನಾಲ್ಕನೇ ಮನೆಯಲ್ಲಿ ಇಡ್ಲಿಯಂಥ ಸಾನ್ನ, ಆರನೆಯದರಲ್ಲಿ ಹಂದಿ ಮಾಂಸ. ನಮ್ಮವರು ನನಗೆ ಗೊತ್ತು.