ಸತ್ಯಾಂಶ: ಜೀವಾವಧಿ ಶಿಕ್ಷೆ 14 ವರ್ಷವೂ ಅಲ್ಲ, ಏಳೂ ಅಲ್ಲ

‘ಜೈಲಿನಲ್ಲಿ ಹಗಲೊಂದು ದಿನ, ರಾತ್ರಿಯೊಂದು ದಿನ, ಜೀವಾವಧಿ ಅಂದರೆ 14 ವರ್ಷ, ಆದ್ದರಿಂದ ಏಳಕ್ಕೇ ಬಿಡುಗಡೆ’ ಎಂಬ ಸಂದೇಶ ಮುಂಬಯಿ, ಪುಣೆಯ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಸುಳ್ಳು.

ಪುಣೆಯ ಯರವಡಾ ಜೈಲಿರಲಿ, ಮುಂಬಯಿಯ ಆರ್ಥರ್ ರೋಡ್ ಜೈಲಿರಲಿ, 24 ಗಂಟೆಗೆ ಒಂದೇ ದಿನ. ಜೀವಾವಧಿ ಎಂದರೆ ಉಸಿರಿರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ, ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ ಹೇಳಿದೆ.

14 ಬಂದದ್ದು ಎಲ್ಲಿಂದ? ಕೊಲೆಯಂಥ, ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿಯಾದವರನ್ನು ಸರ್ಕಾರ ಶಿಕ್ಷೆ ಕಡಿತಗೊಳಿಸಿ ಬಿಡಬೇಕಾದರೂ ಕನಿಷ್ಠ 14 ವರ್ಷ ಒಳಗೇ ಕಳೆದಿರಬೇಕು. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ ಈ ನಿಯಮ, ಅದರ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈಗ 475ನೇ ಕಲಮು. ಸನ್ನಡತೆಗೆ ಸಿಕ್ಕ ಮಾಫಿ (ಶಿಕ್ಷೆಯಲ್ಲಿ ಕಡಿಮೆ ಮಾಡಿದ) ದಿನಗಳು ಈ 14ರ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯಪಾಲರ ಕ್ಷಮಾದಾನ ಬೇರೆಯೇ ವಿಷಯ.

ಕಾರಾಗೃಹ ಇಲಾಖೆ ನಡತೆ, ಕೆಲಸ, ಮಾಫಿ ದಿನಗಳ ದಾಖಲೆ ಇಟ್ಟು ಪ್ರಸ್ತಾವ ಕಳಿಸುತ್ತದೆ, ಅಷ್ಟೆ. ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ ಕೇಳಿ ತೀರ್ಮಾನಿಸುವುದು ಸರ್ಕಾರ. ‘14 ತುಂಬಿತು, ಬಿಡಿಸಿಕೊಡುತ್ತೇನೆ’ ಎನ್ನುವ ದಲ್ಲಾಳಿಗೆ ದಯವಿಟ್ಟು ಹಣ ಕೊಡಬೇಡಿ. ಕಡತ ಎಲ್ಲಿದೆ ಎಂದು ಜೈಲು ಅಧೀಕ್ಷಕರನ್ನು ಲಿಖಿತವಾಗಿ ಕೇಳಿ. ವಕೀಲರು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಕೈದಿಗೆ ಉಚಿತವಾಗಿ ಸಿಗುತ್ತಾರೆ.